ಪಟ್ಟಿ ಅಕ್ಕನ ಮೊಣಕಾಲು, ಸೈಕಲ್ಲಿನ ಗೇರು

ಬೆಟ್ಟದ ಬೀದಿಯಲ್ಲಿ ಹದಿನಾಲ್ಕು ಹುಣ್ಣುಗಳಿದ್ದವು. ಮನೆ ನಂಬರು ಕೇಳಿದರೆ ಪಟ್ಟಿ ಅಕ್ಕ ತಬ್ಬಿಬ್ಬಾಗುತ್ತಿದ್ದಳು. ಹುಣ್ಣು ಯಾವುದೆಂದು ಹೇಳಿದರೆ ನೇರ ಹೋಗಿ ಬಾಗಿಲು ತಟ್ಟುತ್ತಿದ್ದಳು. ಮೊದಲ ತಿರುವಿನಲ್ಲಿ ಸಕ್ಕರೆ ಕಾಯಿಲೆಯ ಹೆಬ್ಬೆರಳು, ಅದರ ಎದುರಿಗೆ ಬಿಸಿನೀರು ಚೆಲ್ಲಿಕೊಂಡ ತೊಡೆ, ನೀರಿನ ಟ್ಯಾಂಕಿನ ಪಕ್ಕ ಮಲಗಿ ಮಲಗಿ ಒಡೆದ ಬೆನ್ನು. ತೀರಾ ಮೇಲೆ, ರಸ್ತೆ ಮುಗಿದು ಬರೀ ಕಲ್ಲುಮೆಟ್ಟಿಲು ಉಳಿಯುವ ಕಡೆ, ಹೊಲಿಗೆ ಯಂತ್ರದ ಮುಂದೆ ಕುರ್ಚಿಯ ಮೇಲೊಂದು ಕಾಲು ಚಾಚಿ ಕೂತ ದರ್ಜಿಯ ಕಣಕಾಲು. ಅದು ಮಾಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಐದು ವರ್ಷದಿಂದ ಹಾಗೇ ಇದೆ, ಮನೆಗೆ ಬಂದು ಹೋಗಲೊಲ್ಲದ ನೆಂಟನ ಹಾಗೆ.

ಆರೋಗ್ಯ ಕೇಂದ್ರದಿಂದ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಕಾಗದದಲ್ಲಿತ್ತು. ಬೀದಿಯವರ ಬಾಯಲ್ಲಿ ಅವಳು ಪಟ್ಟಿ ಅಕ್ಕ. ವಯಸ್ಸು ಐವತ್ತನಾಲ್ಕು. ಕೇಂದ್ರ ಒಂಬತ್ತು ವರ್ಷದ ಹಿಂದೆ ಒಂದು ಗೇರಿನ ಸೈಕಲ್ ಕೊಟ್ಟಿತ್ತು, ಜೊತೆಗೊಂದು ಫೋಟೋ ತೆಗೆಸಿತ್ತು. ಆಮೇಲೆ ಅದರ ಒಂದು ಚೈನಿಗಾಗಲಿ, ಒಂದು ತೊಟ್ಟು ಎಣ್ಣೆಗಾಗಲಿ ಕೇಂದ್ರ ಕೈ ಬಿಚ್ಚಿದ್ದಿಲ್ಲ. ಫೋಟೋ ಮಾತ್ರ ಇವತ್ತಿಗೂ ಗೋಡೆಯ ಮೇಲೆ ಹೊಳೆಯುತ್ತಿದೆ.

ಸೈಕಲ್ಲಿನ ಹಿಂದಿನ ಗಾಲಿಗೆ ಏಳು ಹಲ್ಲುಚಕ್ರಗಳು, ಒಂದರ ಪಕ್ಕ ಒಂದು, ಚಿಕ್ಕದರಿಂದ ದೊಡ್ಡದಕ್ಕೆ. ಸಪಾಟು ರಸ್ತೆಗೆ ಚಿಕ್ಕದು, ಏರಿಗೆ ದೊಡ್ಡದು. ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಕೇಬಲ್ ಎಳೆಯುತ್ತದೆ. ಕೇಬಲ್ ಎಳೆದರೆ ಹಿಂದೆ ನೇತಾಡುವ ಪುಟ್ಟ ಕಬ್ಬಿಣದ ತೋಳು ಚೈನನ್ನು ಪಕ್ಕದ ಚಕ್ರಕ್ಕೆ ತಳ್ಳುತ್ತದೆ. ಇಷ್ಟೇ ವಿದ್ಯೆ. ಆದರೆ ಔಷಧಿ, ಹತ್ತಿ, ಬಟ್ಟೆ, ಲವಣದ ನೀರಿನ ಬಾಟಲಿ ಎಲ್ಲ ತುಂಬಿದ ಚೀಲವನ್ನು ಹೊತ್ತು ಏರು ಹತ್ತುವವಳಿಗೆ ಆ ಪುಟ್ಟ ತೋಳು ಗಂಡನ ತೋಳಿಗಿಂತ ಹೆಚ್ಚು ಆಸರೆ.

ಅದು ಮೂರು ತಿಂಗಳಿಂದ ಕೈ ಕೊಡುತ್ತಿತ್ತು.

ನೀರಿನ ಟ್ಯಾಂಕು ದಾಟಿ ಏರು ಕಡಿದಾಗುವ ಕಡೆ ಅವಳು ಗುಂಡಿ ಒತ್ತುವಳು. ಚೈನು ದೊಡ್ಡ ಚಕ್ರಕ್ಕೆ ಹತ್ತುವುದು. ನಾಲ್ಕು ತುಳಿತ ತುಳಿಯುವಷ್ಟರಲ್ಲಿ ಟಿಕ್ ಟಿಕ್ ಎಂದು ಒಳಗೊಳಗೇ ಹಲ್ಲು ಕಡಿಯುವ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಕಡಕ್! ಚೈನು ಕೆಳಗಿನ ಚಕ್ರಕ್ಕೆ ಬೀಳುವುದು, ಪೆಡಲು ಗಾಳಿಯಲ್ಲಿ ಜಾರುವುದು, ಬಲಮೊಣಕಾಲು ಹೋಗಿ ಹ್ಯಾಂಡಲ್ಲಿಗೆ ಬಡಿಯುವುದು. ಮೊದಮೊದಲು ವಾರಕ್ಕೊಮ್ಮೆ. ಈಗ ದಿನಕ್ಕೆ ಮೂರು ಸಲ. ಕೊನೆಗೆ ಇಳಿದು ತಳ್ಳಿಕೊಂಡು ಹೋಗುವುದೇ ಸೈ ಎಂದಾಯಿತು. ತಳ್ಳಿಕೊಂಡು ಹೋದರೆ ಒಂದು ಗಂಟೆಗೂ ಹೆಚ್ಚು ತಡ.

"ಏನಕ್ಕ, ಸೈಕಲ್ಲು ನಿನ್ನ ಹೊತ್ಕೊಂಡು ಬರ್ತಿತ್ತು, ಈಗ ನೀನೇ ಅದನ್ನ ಹೊತ್ಕೊಂಡು ಬರ್ತಿದ್ದೀಯ?" ಎಂದು ದರ್ಜಿ ಮೇಲಿನಿಂದ ಕೂಗುತ್ತಿದ್ದ.

"ನಿಮ್ಮ ಬಾಯಿಗೂ ಒಂದು ಪಟ್ಟಿ ತಂದಿದ್ದೀನಿ ದರ್ಜಿ ಅಣ್ಣ, ಇರಿ ಬಂದೆ."

ಹಾಗೆಂದು ನಕ್ಕರೂ ಮೊಣಕಾಲು ನೀಲಿಗಟ್ಟಿತ್ತು. ಮೊಣಕಾಲಿಗಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಮನೆಯಲ್ಲಿ ಗಂಡ ಹೇಳುತ್ತಿದ್ದ ಮಾತು.

ಗಂಡನನ್ನು ಊರು ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದು. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರ ರಿಪೇರಿ ಮಾಡಿದವನು. ಹನ್ನೆರಡು ಯಂತ್ರಗಳು ಒಟ್ಟಿಗೆ ತಗಡು ಜಜ್ಜುತ್ತಿರುವಾಗ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, "ಏಳನೇದರ ಎಡಗಡೆ ಬೇರಿಂಗು ಹೋಗ್ತಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು. ಹೊಸಬರು ಬಾಯಿ ಬಿಟ್ಟು ನೋಡುತ್ತಿದ್ದರು. ಅಲ್ಲಿಯ ಗದ್ದಲ ಎಂಥದೆಂದರೆ ಊಟದ ಹೊತ್ತಿನಲ್ಲೂ ಜನ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದರು. ಕಿವಿಗೆ ಹಾಕಿಕೊಳ್ಳುವ ಮುಚ್ಚಳಗಳು ಇದ್ದವು, ಇಲ್ಲವೆನ್ನುವ ಹಾಗಿಲ್ಲ. ಆರು ಜೊತೆ. ಆಫೀಸಿನ ಗಾಜಿನ ಕಪಾಟಿನಲ್ಲಿ, ಬೀಗ ಹಾಕಿ, ನೋಡಲು ಬರುವ ದೊಡ್ಡ ಮನುಷ್ಯರಿಗೆಂದು. ಹತ್ತು ನಿಮಿಷ ಬಂದು ಹೋಗುವವರ ಕಿವಿ ಕಿವಿ. ಮೂವತ್ತೊಂದು ವರ್ಷ ಅಲ್ಲೇ ನಿಂತವರದು ಕಬ್ಬಿಣದ ತೂತು. ಇದನ್ನು ಯಾರೂ ಅನ್ಯಾಯವೆಂದು ಕರೆಯಲಿಲ್ಲ, ಏಕೆಂದರೆ ಕರೆದರೂ ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಮುಚ್ಚಳ ಬೇಕೆಂದು ಮೇಸ್ತ್ರಿಯೂ ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಕೊಟ್ಟಿದ್ದರೂ ಅವನು ಹಾಕಿಕೊಳ್ಳುತ್ತಿರಲಿಲ್ಲ. ಕಿವಿಯೇ ಅವನ ಅನ್ನ, ಕಿವಿಯೇ ಅವನ ಮೀಸೆ. ಕೆಲಸ ಬಿಟ್ಟ ದಿನ ಕಾರ್ಖಾನೆಯವರು ಒಂದು ಗೋಡೆ ಗಡಿಯಾರ ಕೊಟ್ಟರು.

ಈಗ ಅವನ ಕಾರ್ಖಾನೆಯೆಂದರೆ ಮನೆಯ ಹಿಂದಿನ ಓಣಿ. ಒಂದು ಕಡೆ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ಕಡೆ ಸ್ಪ್ಯಾನರು ಸ್ಕ್ರೂಡ್ರೈವರುಗಳ ಮರದ ಪೆಟ್ಟಿಗೆ. ಭಾನುವಾರ ಬೆಳಿಗ್ಗೆ ಟೀ ಕುಡಿದ ಕೂಡಲೇ ಅವನು ಸೈಕಲ್ಲಿನ ಸೀಟಿಗೆ ಹಗ್ಗ ಹಾಕಿ ಸೂರಿನ ತೊಲೆಗೆ ನೇತುಹಾಕುವನು. ಹಿಂದಿನ ಗಾಲಿ ನೆಲ ಬಿಟ್ಟು ನಿಲ್ಲುವುದು. ಹೆಂಡತಿ ಕೈಯಲ್ಲಿ ಪೆಡಲು ತಿರುಗಿಸಬೇಕು. ಅವನು ಕಣ್ಣು ಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕೇಬಲ್ ಬಂದು ಸೇರುವ ಕಡೆಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ಇತ್ತ, ಕಾಲು ಸುತ್ತು ಅತ್ತ ತಿರುಗಿಸುವನು. ಪಕ್ಕದ ಮನೆಯವರು ಅದನ್ನು ನೋಡಿ, "ಮೇಸ್ತ್ರಿ ವೀಣೆ ಶ್ರುತಿ ಮಾಡ್ತಿದ್ದಾರೆ" ಎನ್ನುತ್ತಿದ್ದರು. ಅವನಿಗೆ ಆ ಮಾತು ಇಷ್ಟವಾಗುತ್ತಿತ್ತು.

ಇಷ್ಟು ವರ್ಷ ಅವನು ಹೀಗೆ ಹದ ಮಾಡಿಕೊಟ್ಟ ಗೇರು ಒಂದು ದಿನವೂ ತಪ್ಪಿರಲಿಲ್ಲ. ಈ ಮೂರು ತಿಂಗಳಲ್ಲಿ ಮಾತ್ರ ಪ್ರತಿ ಭಾನುವಾರವೂ ಒಂದೇ ಕಥೆ. ಅವನು ತಿರುಗಿಸುವನು, ಕೇಳುವನು, ಕಣ್ಣು ತೆರೆದು ಹೇಳುವನು:

"ಬೆಣ್ಣೆ ಥರ ಓಡ್ತಿದೆ ನೋಡು."

ಅವಳ ಕಿವಿಗೆ ಟಿಕ್ ಟಿಕ್ ಕೇಳುತ್ತಲೇ ಇರುತ್ತಿತ್ತು.

"ರೀ, ಇನ್ನೂ ಸದ್ದು ಬರ್ತಿದೆಯಲ್ಲ?"

"ಅದು ಚೈನಿನ ಸದ್ದು ಕಣೇ. ಚೈನಿದ್ದ ಮೇಲೆ ಸದ್ದಿರಲ್ವಾ? ನೀನು ಏರಲ್ಲಿ ಧಡಕ್ಕನೆ ತುಳೀತೀಯ, ಅದಕ್ಕೆ ಜಾರುತ್ತೆ. ಗೇರಲ್ಲಿ ಏನಿಲ್ಲ. ನಿನ್ನ ಕಾಲಲ್ಲಿ ಮೊದಲಿನ ದಮ್ಮಿಲ್ಲ, ಒಪ್ಕೋ. ವಯಸ್ಸು ನಿನಗೊಬ್ಬಳಿಗೇ ಆಗಲ್ವಾ?"

ಮೂವತ್ತೊಂದು ವರ್ಷ ಹನ್ನೆರಡು ಯಂತ್ರಗಳನ್ನು ಕಿವಿಯಲ್ಲೇ ಆಳಿದವನು ಹೇಳಿದ ಮೇಲೆ ಅವಳಾದರೂ ಏನೆಂದಾಳು? ಮೆಲ್ಲಗೆ ನಂಬತೊಡಗಿದಳು. ಏರಿನಲ್ಲಿ ಚೈನು ಜಾರಿದಾಗಲೆಲ್ಲ ಸೈಕಲ್ಲನ್ನು ಬೈಯುವುದು ಬಿಟ್ಟು ತನ್ನ ಮೊಣಕಾಲನ್ನು ಬೈಯುವುದನ್ನು ಕಲಿತಳು. ಕೆಲಸ ಮಾಡುವ ಹೆಂಗಸರಿಗೆ ಈ ವಿದ್ಯೆ ಬಹಳ ಬೇಗ ಬರುತ್ತದೆ. ಒಲೆ ಉರಿಯದಿದ್ದರೆ ಊದುವವಳ ತಪ್ಪು, ಕತ್ತರಿ ಮೊಂಡಾದರೆ ಹಿಡಿದವಳ ತಪ್ಪು.

ಇನ್ನೊಂದು ವಿಷಯವೂ ಇತ್ತು. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಮೂರು ತಿಂಗಳ ಹಿಂದೆ ಒಂದು ಗಾಳಿಯ ದಿನ ದರ್ಜಿಯ ಮನೆ ಗೋಡೆಗೆ ಒರಗಿಸಿಟ್ಟ ಸೈಕಲ್ಲು ಮೆಟ್ಟಿಲ ಮೇಲೆ ಬಿದ್ದಿತ್ತು. ಬಲಮಗ್ಗುಲಿಗೆ, ಅಂದರೆ ಗೇರಿರುವ ಕಡೆಗೆ. ಅವನು ಮೊದಲ ದಿನವೇ ತಾಕೀತು ಮಾಡಿದ್ದ, "ಎಲ್ಲಿ ಬೇಕಾದ್ರೂ ಬೀಳಿಸು, ಬಲಗಡೆಗೆ ಮಾತ್ರ ಬೀಳಿಸ್ಬೇಡ" ಎಂದು. ಅವಳು ಎತ್ತಿ, ಸೆರಗಲ್ಲಿ ಒರೆಸಿ, ಪೆಡಲು ತಿರುಗಿಸಿ ನೋಡಿದಳು. ತಿರುಗಿತು. ಸಾಕು ಬಿಡು, ಹೇಳಿದರೆ ಒಂದು ವಾರ ಮುಖ ಊದಿಸಿಕೊಂಡು ಕೂರುತ್ತಾನೆ ಎಂದು ನುಂಗಿಕೊಂಡಿದ್ದಳು. ಆಮೇಲೆ ಅವಳಿಗೇ ಅದು ಮರೆತಂತಾಗಿತ್ತು.

ಹೀಗಿರುವಾಗ ಒಂದು ಸೋಮವಾರ ಕೇಂದ್ರದ ಮೇಲ್ವಿಚಾರಕಿ ಅವಳನ್ನು ಒಳಗೆ ಕರೆದಳು. ಕೆಟ್ಟ ಹೆಂಗಸೇನಲ್ಲ, ಮೇಜಿನ ಮೇಲೆ ಗೆರೆ ಎಳೆದ ಹಾಳೆ ಇಟ್ಟುಕೊಂಡವರು ಹೇಗಿರುತ್ತಾರೋ ಹಾಗಿದ್ದಳು.

"ಸಿಸ್ಟರ್, ಹನ್ನೆರಡರ ಒಳಗೆ ಹದಿನಾಲ್ಕು ಮನೆ ಆಗಬೇಕು. ನಿಮ್ಮದು ಮುಗಿಯೋ ಹೊತ್ತಿಗೆ ಎರಡು ತಿಂಗಳಿಂದ ಗಂಟೆ ಒಂದು, ಒಂದೂವರೆ ಆಗ್ತಿದೆ. ನಿಮ್ಮ ವಯಸ್ಸಲ್ಲಿ ಕಷ್ಟ ಅಂತ ನನಗೂ ಗೊತ್ತಾಗುತ್ತೆ."

"ಸೈಕಲ್ಲು ಸ್ವಲ್ಪ ತೊಂದರೆ ಕೊಡ್ತಿದೆ ಮೇಡಂ."

"ಸೈಕಲ್ಲು ಎಲ್ಲರಿಗೂ ಒಂದೇ ಥರದ್ದಲ್ವಾ ಸಿಸ್ಟರ್?" ಎಂದು ಮೇಲ್ವಿಚಾರಕಿ ಒಂದು ಕಾಗದ ಮುಂದೆ ತಳ್ಳಿದಳು. "ಉಗ್ರಾಣದಲ್ಲಿ ಜಾಗ ಇದೆ. ನೆರಳಲ್ಲಿ ಕೂತು ಹತ್ತಿ, ಬಟ್ಟೆ ಕಟ್ಟು ಕಟ್ಟಿಕೊಡೋ ಕೆಲಸ. ಇದನ್ನ ತುಂಬಿ ಮುಂದಿನ ಸೋಮವಾರ ಕೊಡಿ."

"ಬೆಟ್ಟದ ಬೀದಿಗೆ ಯಾರು ಹೋಗ್ತಾರೆ?"

"ಸದ್ಯಕ್ಕೆ ಯಾರೂ ಇಲ್ಲ. ಅವರೇ ಇಳಿದು ಇಲ್ಲಿಗೆ ಬರಲಿ."

ಪಟ್ಟಿ ಅಕ್ಕನ ಕಣ್ಣ ಮುಂದೆ ಮಲಗಿ ಮಲಗಿ ಒಡೆದ ಬೆನ್ನು ಎದ್ದು ಇಳಿದು ಬರುವ ಚಿತ್ರ ಬಂತು. ದರ್ಜಿಯ ಕಣಕಾಲು ಆ ಏರನ್ನೆಲ್ಲ ಇಳಿಯುವುದು ಬಂತು. ಕಾಗದ ನೋಡಿದಳು. ಮೇಲೆ ದಪ್ಪಕ್ಷರದಲ್ಲಿ 'ಸ್ವಇಚ್ಛೆಯ ಬದಲಾವಣೆ ಕೋರಿಕೆ' ಎಂದಿತ್ತು. ಕೆಳಗೆ 'ಕಾರಣ' ಎಂದು ಎರಡು ಖಾಲಿ ಗೆರೆ. ನೂಕುವವರು ನೂಕುವುದೂ ಸಾಲದು, ಬೀಳುವವನು ನಾನೇ ಹಾರಿದೆ ಎಂದು ಬರೆದೂ ಕೊಡಬೇಕು. ಇಚ್ಛೆ ಎಂಬ ಒಳ್ಳೆಯ ಶಬ್ದಕ್ಕೆ ಕಚೇರಿಗಳಲ್ಲಿ ಆಗಿರುವ ಗತಿ ಇದು.

ಅವಳು ಕಾಗದವನ್ನು ಮಡಚಿ ಹತ್ತಿಯ ಡಬ್ಬಿಯ ಕೆಳಗೆ ಇಟ್ಟುಕೊಂಡಳು.

ಮನೆಯಲ್ಲಿ ಹೇಳಿದಾಗ ಮೇಸ್ತ್ರಿ ಸಮಾಧಾನ ಮಾಡಿದ. ಅದೇ ಹೆಚ್ಚು ನೋವಾಯಿತು.

"ಒಳ್ಳೇದೇ ಆಯ್ತು ಬಿಡು. ಎಷ್ಟು ದಿನ ಅಂತ ಆ ಏರು ಹತ್ತೀಯ? ಉಗ್ರಾಣದಲ್ಲಿ ಫ್ಯಾನಿರುತ್ತೆ."

"ಫ್ಯಾನು ತಗೊಂಡು ಏನ್ ಮಾಡ್ಲಿ? ದರ್ಜಿ ಕಾಲಿಗೆ ಗಾಳಿ ಹಾಕ್ಲಾ?"

"ಆ?"

"ಏನಿಲ್ಲ."

ಈ 'ಆ?' ಎನ್ನುವುದು ಅವನಿಗೆ ಈಚೆಗೆ ಅಭ್ಯಾಸವಾಗಿತ್ತು. ಕೇಳಿದರೆ ಜನ ಈಗೀಗ ಬಾಯೊಳಗೇ ಮಾತಾಡುತ್ತಾರೆ, ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ ಎನ್ನುತ್ತಿದ್ದ. ಅವಳೂ ಅದನ್ನು ಗಂಡಸರ ಜಾಣಕಿವುಡು ಎಂದು ಬಿಟ್ಟುಬಿಟ್ಟಿದ್ದಳು. ಐದು ವರ್ಷ ಮಾಯದ ಹುಣ್ಣನ್ನು ದಿನಾ ಮೂಸಿ ನೋಡುವವಳು ಮನೆಯೊಳಗಿನದನ್ನು ನೋಡಿರಲಿಲ್ಲ.

ಅದೇ ವಾರ ಬುಧವಾರ ಮೇಸ್ತ್ರಿಗೆ ನೆಗಡಿ ಜ್ವರ ಬಂತು. ಸಂಜೆ ಕೆಲಸದಿಂದ ಬಂದವಳು ಚೀಲದಿಂದ ಥರ್ಮಾಮೀಟರು ತೆಗೆದು ಅವನ ಕಂಕುಳಲ್ಲಿಟ್ಟು, "ಕೂಗಿದ ಮೇಲೆ ತೆಗೀರಿ" ಎಂದು ಅಡುಗೆಮನೆಗೆ ಹೋದಳು. ಜ್ವರ ಅಳೆದು ಮುಗಿದರೆ ಪೀ ಪೀ ಎಂದು ಸಣ್ಣಗೆ ಕೂಗುವಂಥದ್ದು ಅದು. ಅವಳು ನೀರು ಕಾಯಿಸಲು ಇಟ್ಟಳು. ಎರಡು ಗೋಡೆಯಾಚೆಯಿಂದ ಪೀ ಪೀ ಕೇಳಿಸಿತು. ಶುಂಠಿ ಜಜ್ಜಿದಳು. ನೀರು ಕುದಿಯಿತು. ಲೋಟ ಹಿಡಿದು ಬಂದು ನೋಡಿದರೆ ಮೇಸ್ತ್ರಿ ಕಂಕುಳು ಬಿಗಿಹಿಡಿದು, ಉಸಿರು ಬಿಗಿಹಿಡಿದು, ಪರೀಕ್ಷೆಗೆ ಕೂತವನ ಹಾಗೆ ಕೂತೇ ಇದ್ದಾನೆ.

"ನಿನ್ನ ಥರ್ಮಾಮೀಟರು ಕೆಟ್ಟಿದೆ ಕಣೇ. ಆಗ್ಲಿಂದ ಕೂತಿದ್ದೀನಿ, ಕೂಗ್ತಾನೇ ಇಲ್ಲ."

ಅವಳ ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತು. ಬಿಸಿಯೆಂದು ಅವಳಿಗೆ ಗೊತ್ತಾದದ್ದು ಸ್ವಲ್ಪ ತಡವಾಗಿ.

ಸಣ್ಣ ಚೂಪು ಸದ್ದು. ಥರ್ಮಾಮೀಟರಿನ ಪೀ ಪೀ, ಚೈನಿನ ಟಿಕ್ ಟಿಕ್. ದಪ್ಪ ಸದ್ದೆಲ್ಲ ಅವನಿಗೆ ಕೇಳುತ್ತದೆ: ಬಾಗಿಲು, ಲಾರಿ, ಅವಳು ಜೋರಾಗಿ ಬೈದದ್ದು. ಚೂಪಾದದ್ದು ಕೇಳುವುದಿಲ್ಲ. ಮೂರು ತಿಂಗಳಿಂದ ಪ್ರತಿ ಭಾನುವಾರ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ಬೆಣ್ಣೆಯಂಥ ಗೇರನ್ನಲ್ಲ. ಅವನು ಕೇಳುತ್ತಿದ್ದದ್ದು ತನ್ನ ಕಿವಿಯೊಳಗಿನ ಮೌನವನ್ನು. ಗೋಡೆಯ ಮೇಲಿನ ಗಡಿಯಾರ ನೋಡಿದಳು. ಕಿವಿ ತೆಗೆದುಕೊಂಡು ಗಡಿಯಾರ ಕೊಟ್ಟು ಕಳಿಸಿದ್ದರು. ಅದರ ಮುಳ್ಳು ನಡೆಯುವ ಸದ್ದಾದರೂ ಇವನಿಗೆ ಎಂದಾದರೂ ಕೇಳಿತ್ತೋ ಇಲ್ಲವೋ.

"ಹೌದು, ಕೆಟ್ಟಿರ್ಬೇಕು" ಎಂದಳು.

ಗುರುವಾರ, ಶುಕ್ರವಾರ, ಶನಿವಾರ ಆ ಸುಳ್ಳು ಅವಳ ಹಿಂದೆಯೇ ಏರು ಹತ್ತಿತು. ಊರಿನವರ ಗಾಯಕ್ಕೆಲ್ಲ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಬೆರಳು ಉಳಿಯುವುದಿಲ್ಲ ಎಂದರೆ ಉಳಿಯುವುದಿಲ್ಲ ಎಂದು. ಆದರೆ ಇದನ್ನು ಹೇಗೆ ಹೇಳುವುದು? ಕಾರ್ಖಾನೆ ಬಿಟ್ಟ ಮೇಲೆ ಅವನಿಗೆ ಉಳಿದದ್ದು ವಾರಕ್ಕೊಂದು ಭಾನುವಾರ, ಒಂದು ಸೈಕಲ್ಲು, ವೀಣೆ ಶ್ರುತಿ ಎಂಬ ಹೊಗಳಿಕೆ. ಹೇಳಿದರೆ ಅದು ಹೋಯಿತು. ಹೇಳದಿದ್ದರೆ ಸೋಮವಾರ ಕಾಗದಕ್ಕೆ ಸಹಿ. ಹದಿನಾಲ್ಕು ಮನೆಗಳ ಬಾಗಿಲು ತಟ್ಟುವವರು ಯಾರೂ ಇಲ್ಲ. ಬೇರೆ ಕಡೆ ರಿಪೇರಿಗೆ ಕೊಟ್ಟುಬಿಡಲೇ ಎಂದೂ ಯೋಚಿಸಿದಳು. ಕಿವಿ ಮೇಸ್ತ್ರಿಯ ಹೆಂಡತಿಯ ಸೈಕಲ್ಲು ಬೇರೆಯವರ ಅಂಗಡಿಯ ಮುಂದೆ ನೇತಾಡುವುದನ್ನು ಊರು ನೋಡಿದರೆ ಅದು ಹೇಳುವುದಕ್ಕಿಂತ ದೊಡ್ಡ ಏಟು.

ಶನಿವಾರ ತಲೆ ಎತ್ತದೆ ದರ್ಜಿಯ ಪಟ್ಟಿ ಬಿಚ್ಚುತ್ತಿದ್ದಳು.

"ಏನಕ್ಕ, ಇವತ್ತು ಬೈಗುಳ ತಂದಿಲ್ವಾ?"

"ದರ್ಜಿ ಅಣ್ಣ, ನೀವು ಹೊಲಿಗೆ ತಪ್ಪು ಹಾಕಿದ್ರೆ ಯಾರಾದ್ರೂ ಹೇಳ್ಬೇಕಾ, ಬೇಡ್ವಾ?"

"ಹೇಳಿದವರ ಬಟ್ಟೆ ಆಮೇಲೆ ಬಿಗಿಯಾಗೇ ಹೊಲೀತೀನಿ" ಎಂದು ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕಾಲು ನೋಡಿಕೊಂಡ. "ಹೇಳ್ಬೇಕಕ್ಕ. ನೀನು ಈ ಬೀದಿಗೆ ಬರೋ ಮುಂಚೆ ಇದ್ದ ನರ್ಸಮ್ಮ ಎರಡು ವರ್ಷ ಮಾಯ್ತಾ ಇದೆ, ಮಾಯ್ತಾ ಇದೆ ಅಂದ್ರು. ನೀನು ಬಂದ ದಿನವೇ ಇದು ಮಾಯಲ್ಲ, ಇದರ ಜೊತೆ ಬದುಕೋದು ಕಲೀರಿ ಅಂದೆ. ಅವತ್ತು ನಿನ್ನ ಕತ್ತು ಹಿಸುಕೋಣ ಅನ್ನಿಸ್ತು. ಅವತ್ತಿಂದ ನಿದ್ದೆ ಬರ್ತಿದೆ."

ಭಾನುವಾರ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಮೇಸ್ತ್ರಿ ಸೈಕಲ್ಲನ್ನು ತೊಲೆಗೆ ನೇತುಹಾಕಿದ. ಅವಳು ಪೆಡಲು ತಿರುಗಿಸಿದಳು. ಅವನು ಕಣ್ಣು ಮುಚ್ಚಿದ, ತಲೆ ವಾಲಿಸಿದ, ತಿರುಪು ಹಿಡಿದ. ಟಿಕ್ ಟಿಕ್ ಟಿಕ್ ಟಿಕ್. ಓಣಿಯ ಗೋಡೆಗಳಿಗೆಲ್ಲ ಕೇಳುತ್ತಿತ್ತು.

"ಬೆಣ್ಣೆ..." ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ಪೆಡಲು ಬಿಟ್ಟು ಒಳಗೆ ಹೋಗಿ ಚೀಲ ತಂದಳು. ಅವನ ಎದುರು ನಿಂತು ಥರ್ಮಾಮೀಟರನ್ನು ಅವನ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದಳು.

"ಏನೇ ಇದು? ಜ್ವರ ಬಿಟ್ಟಿದೆಯಲ್ಲ."

"ಕೂಗೋದು ಕೇಳ್ತಾ?"

"ಕೂಗ್ಲಿ, ಆಮೇಲೆ ಹೇಳ್ತೀನಿ."

"ಕೂಗಿ ಆಯ್ತು ರೀ."

ಅವನು ನಕ್ಕ. ಅವಳು ನಗಲಿಲ್ಲ. ಮತ್ತೆ ಒತ್ತಿದಳು. ಅವನು ಅವಳ ತುಟಿ ನೋಡಿದ, ಕೈ ನೋಡಿದ, ಥರ್ಮಾಮೀಟರಿನ ಪುಟ್ಟ ಗಾಜಿನಲ್ಲಿ ಮೂಡಿದ ಅಂಕಿ ನೋಡಿದ. ಅವನ ಮುಖ ಮೆಲ್ಲಗೆ ಬದಲಾಯಿತು.

"ನನ್ನ ಕಿವಿ ಪರೀಕ್ಷೆ ಮಾಡ್ತೀಯ? ನನ್ನ ಕಿವಿನ? ಏಳನೇ ಮೆಷಿನ್ನಿನ ಬೇರಿಂಗು..."

"ಗೊತ್ತು. ಏಳನೇ ಮೆಷಿನ್ನಿನ ಬೇರಿಂಗು ಹಿಡಿದಿದ್ದು ನೀವೇ. ಊರಿಗೆಲ್ಲ ಗೊತ್ತು. ಆ ಕಿವಿನ ಅಲ್ಲೇ ಬಿಟ್ಟು ಬಂದಿದ್ದೀರಿ ರೀ. ನೀವು ಬಿಟ್ಟಿದ್ದಲ್ಲ, ಅವರು ಇಟ್ಕೊಂಡ್ರು. ನನ್ನ ಕಾಲಲ್ಲಿ ದಮ್ಮಿದೆ. ಗೇರು ಟಿಕ್ ಟಿಕ್ ಅಂತಿದೆ. ಮೂರು ತಿಂಗಳಿಂದ ಅಂತಿದೆ. ನಾಳೆ ನಾನು ಸಹಿ ಹಾಕ್ಬೇಕು."

ಅವನು ತಿರುಪು ಬಿಟ್ಟು ಒಗೆಯುವ ಕಲ್ಲಿನ ಮೇಲೆ ಕುಳಿತ. ಅವಳು ಕೂಗಾಟಕ್ಕೆ ಕಾದಳು. ಕೂಗಾಟ ಬರಲಿಲ್ಲ. ಅವನು ಅಂಗೈಯ ಎಣ್ಣೆ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ.

"ಜೀರುಂಡೆ ನಿಂತು ನಾಲ್ಕು ವರ್ಷ ಆಯ್ತು" ಎಂದ. "ಹಿಂದಿನ ಖಾಲಿ ಜಾಗದಲ್ಲಿ ಮನೆ ಕಟ್ಟಿದ್ರಲ್ಲ. ಅದಕ್ಕೇ ಹೋದ್ವು ಅಂದ್ಕೊಂಡೆ."

ಜೀರುಂಡೆಗಳು ಎಲ್ಲಿಗೂ ಹೋಗಿರಲಿಲ್ಲ. ನಿನ್ನೆ ಮುಸ್ಸಂಜೆಯೂ ಕಿರ್ರೆಂದಿದ್ದವು.

"ಇನ್ನು ನನ್ನಿಂದ ಇದು ಆಗಲ್ಲ. ಅಂಗಡಿಗೆ ಕೊಡು" ಎಂದು ಅವನು ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಎಸೆದ.

ಅವಳಿಗೆ ಕೋಪ ಬಂತು. "ಬಸ್‌ಸ್ಟ್ಯಾಂಡ್ ಪಕ್ಕದ ಮನೇಲಿ ನಾನು ನಾಡಿ ನೋಡೋದು ಹೇಗೆ ಅಂದ್ಕೊಂಡ್ರಿ? ಹಾರನ್ನಿನ ಗದ್ದಲದಲ್ಲಿ ಸ್ಟೆತಾಸ್ಕೋಪು ಕಿವಿಗೆ ಹಚ್ಕೊಂಡ್ರೂ ಏನೂ ಕೇಳಲ್ಲ. ಬೆರಳಿಟ್ಟು ನೋಡ್ತೀನಿ. ಬನ್ನಿ ಇಲ್ಲಿ."

ಅವನು ಏಳಲಿಲ್ಲ. ಅವಳೇ ಹೋಗಿ ಅವನ ಬಲಗೈ ಹಿಡಿದೆಬ್ಬಿಸಿ, ಚೈನಿನ ಪಕ್ಕದಲ್ಲೇ ಹಿಂದಿನ ಗಾಲಿಯವರೆಗೆ ಹೋಗುವ ಚೌಕಟ್ಟಿನ ತೆಳು ಕೊಳವೆಯ ಮೇಲೆ ಅವನ ಎರಡು ಬೆರಳು ಇಟ್ಟಳು. ರೋಗಿಯ ಮಣಿಕಟ್ಟಿನ ಮೇಲೆ ತನ್ನ ಬೆರಳು ಇಡುವ ಹಾಗೇ, ಒತ್ತದೆ, ಸುಮ್ಮನೆ ತಾಗಿಸಿ. ಇನ್ನೊಂದು ಕೈಯಲ್ಲಿ ಪೆಡಲು ತಿರುಗಿಸಿದಳು.

ಮೇಸ್ತ್ರಿಯ ಹುಬ್ಬು ಮೇಲೇರಿತು.

"ಬಡೀತಿದೆ" ಎಂದ.

"ಎಷ್ಟಕ್ಕೊಂದು?"

"ಪ್ರತಿ ಹಲ್ಲಿಗೂ. ಥೂ ಇವಳ... ಪ್ರತಿ ಹಲ್ಲಿಗೂ ಬಡೀತಿದೆಯಲ್ಲೇ! ಇದನ್ನ ತುಳ್ಕೊಂಡು ಆ ಏರು ಹತ್ತಿದ್ದೀಯ?"

ಬೆರಳು ಹಿಡಿದ ಮೇಲೆ ಅವನೊಳಗಿನ ಮೇಸ್ತ್ರಿ ಎದ್ದು ಕೂತ. ದೊಡ್ಡ ಚಕ್ರಕ್ಕೆ ಹಾಕು ಎಂದ, ಚಿಕ್ಕದಕ್ಕೆ ಹಾಕು ಎಂದ. ತಿರುಪು ತಿರುಗಿಸಿ ದೊಡ್ಡದನ್ನು ಸರಿ ಮಾಡಿದರೆ ಚಿಕ್ಕದು ಬಡಿಯಿತು. ಚಿಕ್ಕದನ್ನು ಸರಿ ಮಾಡಿದರೆ ದೊಡ್ಡದು. ಗಿಡ್ಡ ಹೊದಿಕೆಯನ್ನು ಎಳೆದ ಹಾಗೆ, ಒಂದು ತುದಿ ಮುಚ್ಚಿದರೆ ಇನ್ನೊಂದು ಬಯಲು. ಅವನು ಕೈ ತೆಗೆದ.

"ಇದು ಕೇಬಲ್ಲಿನ ತಂಟೆ ಅಲ್ಲ" ಎಂದು ಗೊಣಗಿ, ಒಂಬತ್ತು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಮಾಡಿದ. ಗಾಲಿಯ ಹಿಂದೆ ಹೋಗಿ ಮಂಡಿಯೂರಿ, ಕಣ್ಣು ತೆರೆದು ನೋಡಿದ. ಕಿವಿ ಇದ್ದವನಿಗೆ ಕಣ್ಣು ಬೇಕಾಗಿರಲಿಲ್ಲ. ಅವನ ಹೆಮ್ಮೆಯೇ ಅವನ ಕಣ್ಣಿಗೆ ಕಟ್ಟಿದ ಬಟ್ಟೆಯಾಗಿತ್ತು. ಹಲ್ಲುಚಕ್ರಗಳ ನೇರಕ್ಕೆ ತೂಗಬೇಕಾದ ಆ ಪುಟ್ಟ ತೋಳು ಒಳಗಡೆಗೆ, ಗಾಲಿಯ ಕಡ್ಡಿಗಳ ಕಡೆಗೆ ಓರೆಯಾಗಿತ್ತು. ತೋಳು ನೇತುಬಿದ್ದಿರುವ, ಚೌಕಟ್ಟಿನ ಕಿವಿಯಂಥ ಉಕ್ಕಿನ ತುಂಡೇ ಬಗ್ಗಿತ್ತು.

"ಇದು ಬಿದ್ದಿದೆ" ಎಂದ. "ಬಲಗಡೆಗೆ."

ಅವಳು ಪೆಡಲು ನೋಡಿದಳು.

"ಯಾವಾಗ ಬೀಳಿಸಿದೆ?"

"ಗಾಳಿ ಬೀಳಿಸ್ತು."

"ಯಾವಾಗ ಬೀಳಿಸ್ತು ಗಾಳಿ?"

"ಮೂರು ತಿಂಗಳಾಯ್ತು. ಬೈತೀರ ಅಂತ ಹೇಳ್ಲಿಲ್ಲ."

ಅವನು ಅವಳನ್ನೇ ನೋಡಿದ. ಈಗ ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ.

"ನೀನು ಬೀಳಿಸಿದ್ದು ಹೇಳ್ಲಿಲ್ಲ, ನಾನು ಕೇಳದೇ ಇರೋದು ಹೇಳ್ಲಿಲ್ಲ. ಪಾಪ ಆ ದರ್ಜಿ ಕಾಲು ಏನ್ ಮಾಡಿತ್ತೇ ನಮಗೆ?"

ಅವನು ಪೆಟ್ಟಿಗೆಯಿಂದ ಉದ್ದನೆಯ ಅಲೆನ್ ಕೀ ತೆಗೆದು ತೋಳನ್ನು ಹಿಡಿದಿಟ್ಟ ಬೋಲ್ಟಿನ ಹೊಂಡಕ್ಕೆ ಕೂರಿಸಿದ. ಎಡಗೈಯಲ್ಲಿ ಗಾಲಿ ಅಮುಕಿ ಹಿಡಿದ. "ಹಳೇ ಉಕ್ಕು, ಬಗ್ಗುತ್ತೆ. ಆದರೆ ಹಿಂದೆ ಮುಂದೆ ಆಡಿಸಿದ್ರೆ ಮುರಿಯುತ್ತೆ. ಒಂದೇ ಸಲಕ್ಕೆ ಆಗ್ಬೇಕು." ಉಸಿರು ಬಿಡದೆ ಹೊರಗಡೆಗೆ ಎಳೆದ. ಮುಷ್ಟಿಯ ನರ ಉಬ್ಬಿತು. ಹಿಂದಿನಿಂದ ನೋಡಿದ. ಇನ್ನೊಂದು ಕೂದಲೆಳೆ ಎಳೆದ. ನೋಡಿದ. ಬಿಟ್ಟ.

ಆಮೇಲಿನ ಕೆಲಸ ಇಬ್ಬರದು. ಅವನ ಬೆರಳು ಕೊಳವೆಯ ಮೇಲೆ, ಅವಳ ಕಿವಿ ಚೈನಿನ ಮೇಲೆ. ಕಾಲು ಸುತ್ತು ತಿರುಗಿಸಿ ಅವನು ತಲೆ ಎತ್ತುವನು. ಅವಳು ಕೈಯಲ್ಲಿ ಇನ್ನೂ ಇದೆ ಎಂದು ಸನ್ನೆ ಮಾಡುವಳು.

"ಮೂವತ್ತು ವರ್ಷ ನನ್ನ ಒಂದು ಮಾತೂ ಕೇಳದವಳು ಈಗ ಕೇಳಿ ಹೇಳ್ತಾಳಂತೆ."

"ಸುಮ್ನೆ ತಿರುಗಿಸಿ ರೀ. ಇನ್ನೊಂಚೂರು. ಹಾ, ನಿಲ್ಲಿಸಿ."

ಏಳೂ ಚಕ್ರಗಳ ಮೇಲೆ ಚೈನು ಹತ್ತಿ ಇಳಿಯಿತು. ಓಣಿಯಲ್ಲಿ ಬರೀ ಗಾಲಿಯ ಗಾಳಿಯ ಸದ್ದು. ಬೆಣ್ಣೆ ಎಂದು ಈ ಸಲ ಯಾರೂ ಅನ್ನಲಿಲ್ಲ.

ಸೋಮವಾರ ಅವಳು ಬೆಟ್ಟದ ಬೀದಿಗೆ ಹೋಗುವಾಗ ಚೀಲದಲ್ಲಿ ಹತ್ತಿಯ ಡಬ್ಬಿಯ ಕೆಳಗೆ ಆ ಕಾಗದ ಇತ್ತು. ನೀರಿನ ಟ್ಯಾಂಕು ದಾಟಿತು. ಗುಂಡಿ ಒತ್ತಿದಳು. ಚೈನು ದೊಡ್ಡ ಚಕ್ರಕ್ಕೆ ಹತ್ತಿತು. ನಾಲ್ಕು ತುಳಿತ. ಐದು. ಮೊಣಕಾಲು ತಾನಾಗಿ ಬಿಗಿಯಿತು, ಏಟಿಗೆ ಹೆದರಿ. ಹತ್ತು. ಇಪ್ಪತ್ತು. ಏಟು ಬರಲಿಲ್ಲ. ಎದೆ ಡವಗುಟ್ಟಿತು, ಬೆವರು ಇಳಿಯಿತು, ಐವತ್ತನಾಲ್ಕು ವರ್ಷ ಐವತ್ತನಾಲ್ಕೇ ಆಗಿತ್ತು. ಆದರೆ ಸೈಕಲ್ಲಿನ ಮೂರು ತಿಂಗಳು ಅದರ ಮೇಲಿಂದ ಇಳಿದು ಹೋಗಿತ್ತು.

"ಯಾರಕ್ಕ ನೂಕಿದ್ರು ಇವತ್ತು?" ಎಂದ ದರ್ಜಿ. ಹೊಲಿಗೆ ಯಂತ್ರದ ಪಕ್ಕದ ಗಡಿಯಾರದಲ್ಲಿ ಹನ್ನೊಂದೂವರೆ.

"ಕಾಲು ಚಾಚಿ ದರ್ಜಿ ಅಣ್ಣ. ಬಾಯಿ ಆಮೇಲೆ."

ಮಧ್ಯಾಹ್ನ ಕೇಂದ್ರದಲ್ಲಿ ಕಾಗದ ಬಿಚ್ಚಿ ಮೇಲ್ವಿಚಾರಕಿಯ ಮೇಜಿನ ಮೇಲೆ ಇಟ್ಟಳು. ಸಹಿಯ ಜಾಗ ಖಾಲಿ. 'ಸ್ವಇಚ್ಛೆ' ಎಂಬುದರ ಮೇಲೆ ಒಂದು ಗೆರೆ. ಕಾರಣ ಎಂಬಲ್ಲಿ ಅವಳ ದುಂಡಕ್ಷರದಲ್ಲಿ: 'ಗೇರಿನ ತೋಳು ಬಗ್ಗಿತ್ತು. ಮನೆಯಲ್ಲಿ ಸರಿ ಮಾಡಿಕೊಂಡಿದ್ದೇವೆ. ಒಂಬತ್ತು ವರ್ಷದಲ್ಲಿ ಕೇಂದ್ರದಿಂದ ಯಾರೂ ನೋಡಿರಲಿಲ್ಲ.'

ಮೇಲ್ವಿಚಾರಕಿ ಓದಿದಳು, ಇನ್ನೊಮ್ಮೆ ಓದಿದಳು. "ಇದನ್ನ ಎಲ್ಲಿ ಇಡಲಿ ಸಿಸ್ಟರ್? ಇಂಥದ್ದಕ್ಕೆ ಫೈಲೇ ಇಲ್ಲ."

"ಆ ಫೋಟೋ ಹಿಂದೆ ಇಡಿ ಮೇಡಂ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹದಿನಾಲ್ಕೂ ಮುಗೀತು, ಅದನ್ನ ನಿಮ್ಮ ಹಾಳೆಯಲ್ಲಿ ಬರ್ಕೊಳ್ಳಿ."

ಸಂಜೆ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ, ಒರೆಸುವ ಬಟ್ಟೆ ಹೆಗಲ ಮೇಲೆ.

"ಹತ್ತಿತಾ?"

ಅವಳು ಬೆನ್ನು ತಿರುಗಿಸಿಕೊಂಡು, ಸೈಕಲ್ಲನ್ನು ಎಡಮಗ್ಗುಲಿಗೆ ಗೋಡೆಗೆ ಒರಗಿಸುತ್ತಾ, ಹತ್ತಿತು ಎಂದಳು. ಎಂದ ಮೇಲೆ ನೆನಪಾಯಿತು. ಚೀಲ ಕೆಳಗಿಟ್ಟು, ಪೂರ್ತಿ ತಿರುಗಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತು, ಬಾಯಿ ಬಿಟ್ಟು ಮತ್ತೊಮ್ಮೆ ಹೇಳಿದಳು.

"ಹತ್ತಿತು ರೀ."